ಕಾಲುದಾರಿ ಯಾರ ಸೊತ್ತು?

ನನ್ನ ಮಿತ್ರರೊಬ್ಬರು ಇಂಗ್ಲೆಂಡಿನಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಬಂದಿದ್ದಾರೆ. ಬಂದಂದಿನಿಂದ ಅವರಿಗೆ ಒಂದೇ ಧ್ಯಾನ. ಲೇಕಾಕ್ ಎಂಬ ಪುರಾತನ ಹಳ್ಳಿಯಿಂದ ಹೊರಟು, ಹೊಲ ದಾಟಿ, ಹೊಳೆದಂಡೆ ಹಿಡಿದು, ಐದಾರು ಮೈಲಿ ಸುತ್ತಿ, ಹೊರಟಲ್ಲಿಗೇ ಮರಳಿ ಚಹಾ ಕುಡಿದರಂತೆ. ದಾರಿಯುದ್ದಕ್ಕೂ ಹಳದಿ ಬಾಣದ ಗುರುತು, ಬೇಲಿ ಅಡ್ಡ ಬಂದಲ್ಲಿ ಹತ್ತಿಳಿಯಲು ಮರದ ಮೆಟ್ಟಿಲು, ಪರರ ಹೊಲದ ನಡುವೆ ನಡೆದರೂ "ಯಾರಯ್ಯ ನೀನು?" ಎಂದು ಕೇಳುವವರಿಲ್ಲ. ಇಷ್ಟನ್ನೂ ವರ್ಣಿಸಿ ಕೊನೆಗೆ, "ನಮ್ಮ ಜನಕ್ಕೆ ಈ ಅಭಿರುಚಿಯೇ ಇಲ್ಲ ನೋಡಿ. ನಮಗೆ ನಡಿಗೆಯೆಂದರೆ ಬಡತನ" ಎಂದು ಷರಾ ಬರೆದುಬಿಟ್ಟರು.

ಈ ಷರಾವನ್ನು ನಾನು ಒಪ್ಪಲಾರೆ. ಒಪ್ಪದಿರುವುದಷ್ಟೇ ಅಲ್ಲ, ಇಂಥ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಹೊರಟಲ್ಲಿಗೇ ಸುತ್ತಿ ಬರುವುದನ್ನು ನಮಗೆ ಇಂಗ್ಲಿಷರು ಕಲಿಸಬೇಕೆ? ಪ್ರದಕ್ಷಿಣೆ ಎಂಬ ಮಾತು ಯಾವ ಭಾಷೆಯದು? ನಮ್ಮ ಬೀದರ ಜಿಲ್ಲೆಯಲ್ಲಿ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ನಡೆಯುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಬುತ್ತಿ ತಲೆಯ ಮೇಲೆ. ಹೊಲದ ಸುತ್ತ ಚರಗ ಚೆಲ್ಲಿ, ಜೋಳದ ನಡುವೆ ಕುಳಿತು ಉಂಡು, ಪಕ್ಕದ ಹೊಲದವರನ್ನು ಮಾತಾಡಿಸಿ, ಹೊತ್ತು ಮುಳುಗುವಾಗ ಬೇರೊಂದು ದಾರಿಯಿಂದ ಮನೆಗೆ ಬರುವುದು. ಇದಕ್ಕಿಂತ ಸೊಗಸಾದ ಸುತ್ತುನಡಿಗೆ ಲೇಕಾಕಿನಲ್ಲಿ ಇದ್ದೀತೆ? ಇನ್ನು ಕಲ್ಯಾಣವಂತೂ ನಡೆದು ಬಂದವರಿಂದಲೇ ಬೆಳೆದ ಊರು. ಅಕ್ಕ ಉಡುತಡಿಯಿಂದ ನಡೆದು ಬಂದಳು, ಶ್ರೀಶೈಲಕ್ಕೆ ನಡೆದು ಹೋದಳು. ಮೋಳಿಗೆಯ ಮಾರಯ್ಯ ಸೌದೆ ಹೊತ್ತು ನಡೆದವನು. 1167ರ ಸುಮಾರಿನ ಆ ಕ್ಷೋಭೆಯಲ್ಲಿ ಶರಣರು ದಿಕ್ಕುಪಾಲಾದದ್ದೂ ಕಾಲ್ನಡಿಗೆಯಲ್ಲೇ.

ಅಭಿರುಚಿ ಇಲ್ಲದ್ದಲ್ಲ, ರಾಯರೆ. ದಾರಿ ಇಲ್ಲ.

ನನ್ನ ತಾಯಿಯ ತವರು ಮನ್ನಾಏಖೇಳ್ಳಿಗೆ ಹತ್ತಿರದ ಒಂದು ಹಳ್ಳಿ. ಸಂತೆಯಿಂದ ಸೋದರಮಾವನ ಬೆನ್ನು ಹಿಡಿದು ನಾನು ಹೋಗುತ್ತಿದ್ದ ದಾರಿ ತೊಗರಿ ಹೊಲಗಳ ಬದುವಿನ ಮೇಲಿತ್ತು. ಕೆಂಪು ಜಂಬಿಟ್ಟಿಗೆಯ ದಿಬ್ಬ ಹತ್ತಿ, ಕಪ್ಪು ಮಣ್ಣಿಗೆ ಇಳಿದು, ಹುಣಸೆ ಮರದ ಕೆಳಗಿನ ಬಾವಿಯಲ್ಲಿ ನೀರು ಕುಡಿದು ಮುಂದೆ ಸಾಗಬೇಕು. ಹೋದ ವರ್ಷ ಹುಡುಕಿಕೊಂಡು ಹೋದೆ. ದಿಬ್ಬದಾಚೆ ಮುಳ್ಳುತಂತಿ. ಅದರಾಚೆ ದಾರಿಯನ್ನೂ ಸೇರಿಸಿ ಉತ್ತು ಕಬ್ಬು ಹಾಕಿದ್ದಾರೆ. ಹಾಗಾದರೆ ಜನ ಹೇಗೆ ಓಡಾಡುತ್ತಾರೆ? ಹೈದರಾಬಾದು–ಪುಣೆ ಹೆದ್ದಾರಿಯ ಅಂಚಿನಲ್ಲಿ! ಅದೀಗ ನಾಲ್ಕು ಸಾಲಿನದಾಗಿದೆ. ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳು, ಪುಸ್ತಕದ ಚೀಲ ಹೊತ್ತ ಹುಡುಗರು ಲಾರಿಯ ಗಾಳಿಗೆ ಸೆರಗು ಬಿಗಿಹಿಡಿದು, ಟೋಪಿ ಬಿಗಿಹಿಡಿದು ನಡೆಯುತ್ತಾರೆ.

ತಂತಿ ಹಾಕಿದವನನ್ನೂ ಕಂಡೆ. ದುಷ್ಟನೇನಲ್ಲ, ನೀರು ಕೊಟ್ಟು ಕೂರಿಸಿದ. "ಅಣ್ತಮ್ಮರ ಪಾಲಾಗಿ ನನಗ ಉಳ್ದದ್ದು ಎರಡೆಕರೆ ನೋಡ್ರಿ. ಅದರಾಗ ದಾರಿಗಿ ಎಷ್ಟು ಬಿಡ್ಲಿ? ನಾ ಬಿಟ್ರ ಬಾಜೂದವ ಬಿಡ್ತಾನೇನ್ರಿ?" ಎಂದ. ಕೊನೆಯ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬೊಬ್ಬ ರೈತನ ಔದಾರ್ಯದ ಮೇಲೆ ದಾರಿಯನ್ನು ನಿಲ್ಲಿಸಿದರೆ ಅದು ಇಷ್ಟೇ ದಿನ ನಿಂತೀತು.

ನನ್ನ ಮಿತ್ರರು ಗಮನಿಸದೆ ಬಂದದ್ದು ಇದನ್ನೇ. ಇಂಗ್ಲೆಂಡಿನ ಹಳದಿ ಬಾಣ ಜಮೀನುದಾರರ ದಾನವಲ್ಲ. 1932ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಕಡೆಯ ಕೂಲಿಕಾರ ಹುಡುಗರು ಶ್ರೀಮಂತರ ಬೇಟೆಯ ಕಾವಲಾಗಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಗುಂಪಾಗಿ ನುಗ್ಗಿದರು. ಐವರು ಜೈಲು ಕಂಡರು. 1949ರಲ್ಲಿ ಕಾನೂನಾಯಿತು. ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಅಳೆದು ನಕಾಶೆಯಲ್ಲಿ ಬರೆಯುವುದು ಜಿಲ್ಲಾ ಮಂಡಲಿಗಳ ಕರ್ತವ್ಯವಾಯಿತು. ಆ ನಕಾಶೆಯೇ ಸಾಕ್ಷಿ. 1990ರ ಕಾನೂನಂತೂ ಇನ್ನೂ ಬಿಗಿ: ಹೊಲದ ನಡುವಿನ ಕಾಲುದಾರಿಯನ್ನು ಬಿತ್ತನೆಗಾಗಿ ಉತ್ತರೆ ಹದಿನಾಲ್ಕು ದಿನದೊಳಗೆ ಮತ್ತೆ ನಡೆಯುವಂತೆ ಸರಿಪಡಿಸಬೇಕು. ಅಲ್ಲಿಯ ರೈತನಿಗೂ ನೇಗಿಲಿದೆ, ಅಲ್ಲಿಯ ನೆಲಕ್ಕೂ ಬೆಲೆಯಿದೆ.

ನಮ್ಮಲ್ಲಿ ನಕಾಶೆ ಇಲ್ಲವೆ? ಧಾರಾಳವಾಗಿದೆ. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯೂ ಇದೆ, ಕಾಲುದಾರಿಯೂ ಇದೆ, ಚುಕ್ಕೆಗೆರೆಗಳಾಗಿ. ಕಾಗದದ ಮೇಲೆ ಇರುವುದು ನೆಲದ ಮೇಲೆ ಇದೆಯೇ ಎಂದು ವರ್ಷಕ್ಕೊಮ್ಮೆ ನಡೆದು ನೋಡುವವರಿಲ್ಲ. ದಾರಿ ಕಳೆದುಕೊಂಡವನು ಅರ್ಜಿ ಹಿಡಿದು ಕಚೇರಿ ಅಲೆಯಬೇಕು; ಮುಚ್ಚಿದವನು ಮನೆಯಲ್ಲಿ ಕೂತಿರಬಹುದು. ಇದು ತಿರುಗುಮುರುಗು ನ್ಯಾಯ.

"ಹಸಿದ ದೇಶದಲ್ಲಿ ವಿಹಾರಕ್ಕೆ ದಾರಿ ಕೇಳುತ್ತೀರಾ?" ಎನ್ನುವವರುಂಟು. ವಿಹಾರದ ಮಾತನ್ನು ಬಿಡಿ. ಹೆಣವನ್ನು ಸುಡುಗಾಡಿಗೆ ಒಯ್ಯಲು ದಾರಿಯಿಲ್ಲದೆ ಚಟ್ಟವನ್ನು ನಡುಬೀದಿಯಲ್ಲಿಟ್ಟು ಕೂತ ಸುದ್ದಿಯನ್ನು ನಾವು ನೀವು ಬೆಳಗಿನ ಕಾಫಿಯೊಡನೆ ಎಷ್ಟು ಸಲ ಓದಿಲ್ಲ? ಅವರು ಬಹುಪಾಲು ಯಾವ ಕೇರಿಯವರು ಎಂಬುದೂ ನಮಗೆ ಗೊತ್ತು. ನಾನು ಕೇಳುತ್ತಿರುವುದು ಆ ದಾರಿಯನ್ನೇ. ಅದು ಉಳಿದರೆ ಭಾನುವಾರ ನನ್ನ ಮಿತ್ರರೂ ಅದರ ಮೇಲೆ ನಡೆಯಲಿ, ಯಾರು ಬೇಡವೆಂದರು?

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಆಗಿನ ಅಂದಾಜಿನಲ್ಲಿ ಸುಮಾರು ಐನೂರು ಕೋಟಿ ರೂಪಾಯಿಯ ಯೋಜನೆ. ಆಗಲಿ. ಆದರೆ ಕೋಟೆಯಿಂದ ಹೊರಟು, ತ್ರಿಪುರಾಂತಕ ಕೆರೆಯ ದಂಡೆ ಹಿಡಿದು, ನಾರಾಯಣಪುರದ ಚಾಲುಕ್ಯರ ಗುಡಿ ನೋಡಿ, ಹೊಲಗಳ ನಡುವಿನ ಬೇರೆ ದಾರಿಯಿಂದ ಊರಿಗೆ ಮರಳುವ ಒಂದು ಸುತ್ತನ್ನು ಗುರುತಿಸಲು ಎಷ್ಟು ಕೋಟಿ ಬೇಕು? ನಕಾಶೆ, ಒಬ್ಬ ಸರ್ವೆಯವನು, ಸುಣ್ಣ ಬಳಿದ ನಾಲ್ಕಾರು ಕಲ್ಲು, ಮುಖ್ಯವಾಗಿ ಒಬ್ಬ ಅಧಿಕಾರಿಯ ಎರಡು ಕಾಲು. ಈಗ ಬರುವವರು ಒಂದೊಂದು ಸ್ಥಳಕ್ಕೂ ಕಾರಿನಲ್ಲಿ ಹೋಗಿ, ಇಳಿದು, ಚಿತ್ರ ತೆಗೆದು, ಹತ್ತುತ್ತಾರೆ. ಬೆಂಗಳೂರಿಗೆ ಮರಳಿ ಕಬ್ಬನ್ ಪಾರ್ಕಿನಲ್ಲಿ ಕೈಗಡಿಯಾರ ನೋಡಿಕೊಂಡು ಹೆಜ್ಜೆ ಎಣಿಸುತ್ತಾರೆ.

ಮಿತ್ರರಿಗೆ ಹೇಳಿದ್ದೇನೆ: ಬರುವ ಎಳ್ಳಮಾವಾಸ್ಯೆಗೆ ನಮ್ಮೂರಿಗೆ ಬನ್ನಿ. ಗ್ರಾಮದ ನಕಾಶೆಯ ಪ್ರತಿ ನನ್ನ ಕೈಯಲ್ಲಿರುತ್ತದೆ. ಚುಕ್ಕೆಗೆರೆ ಎಲ್ಲಿ ಹೋಗುತ್ತದೋ ಅಲ್ಲಿಗೆ ಹೋಗೋಣ. ತಂತಿ ಬಂದಲ್ಲಿ ನಿಂತು, ಆ ಹೊಲದವನನ್ನೇ ಕೂಗಿ, ಬುತ್ತಿ ಬಿಚ್ಚಿ ಮಾತಿಗೆ ಕೂರೋಣ. ಲೇಕಾಕಿನಲ್ಲಿ ಕೊಂಡ ಊರುಗೋಲನ್ನು ಮರೆಯದೆ ತರಲಿ.