ಗ್ಯಾರೇಜಿನ ಬಾಗಿಲ ಮೇಲೆ ಬರೆದ ಮಾತು

1992ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಿಂದ ಸೆನೆಟ್ ಚುನಾವಣೆಗೆ ನಿಂತ ರಸೆಲ್ ಫೈನ್‌ಗೋಲ್ಡ್ ಎಂಬುವರು ಮಿಡಲ್‌ಟನ್ ಎಂಬ ಊರಿನಲ್ಲಿದ್ದ ತಮ್ಮ ಮನೆಯ ಗ್ಯಾರೇಜಿನ ಬಾಗಿಲ ಮೇಲೆ ಮತದಾರರಿಗೆ ತಾವಿತ್ತ ವಚನಗಳನ್ನು ಬಣ್ಣದಲ್ಲಿ ಬರೆಸಿದರು. ಚುನಾವಣಾ ದೇಣಿಗೆಯ ಹೆಚ್ಚಿನ ಪಾಲನ್ನು ತಮ್ಮ ರಾಜ್ಯದ ಜನರಿಂದಲೇ ಪಡೆಯುವುದು, ಗೆದ್ದ ಮೇಲೂ ಅದೇ ಊರಿನಲ್ಲಿ ಮನೆ ಮಾಡಿಕೊಂಡಿರುವುದು, ರಾಜ್ಯದ 72 ಕೌಂಟಿಗಳಲ್ಲಿಯೂ ಪ್ರತಿವರ್ಷ ಸಭೆ ನಡೆಸಿ ಜನರ ಅಹವಾಲು ಕೇಳುವುದು ಅವುಗಳಲ್ಲಿ ಮುಖ್ಯವಾದವು. ಚುನಾವಣೆಯ ಕಾಲದ ಮಾತುಗಳು ಗಾಳಿಗೆ ಹೋಗುವುದು ಎಲ್ಲ ದೇಶಗಳಲ್ಲಿಯೂ ಕಂಡದ್ದೇ. ಆದರೆ ಈ ಮಾತುಗಳು ಬಾಗಿಲ ಮೇಲಿದ್ದವು, ಹಾದುಹೋಗುವವರೆಲ್ಲ ಓದಬಹುದಾಗಿತ್ತು.

ಫೈನ್‌ಗೋಲ್ಡ್ 1993ರಿಂದ 2011ರ ಆರಂಭದವರೆಗೆ, ಮೂರು ಅವಧಿಗಳ ಕಾಲ ಸೆನೆಟರ್ ಆಗಿದ್ದರು. ಶಾಸಕನೊಬ್ಬನ ಮತದಾನದ ದಾಖಲೆಯನ್ನೂ ಅವನ ದೇಣಿಗೆಯ ಲೆಕ್ಕವನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಅವನ ನಿಜವಾದ ತೂಕ ತಿಳಿಯುತ್ತದೆ. ಇವರ ವಿಷಯದಲ್ಲಿ ಅಂತಹ ಓದಿಗೆ ಬೇಕಾದಷ್ಟು ಸಾಮಗ್ರಿಯಿದೆ. ಬ್ಯಾಂಕು, ವಿಮೆ ಮತ್ತು ಷೇರು ವ್ಯವಹಾರಗಳ ನಡುವಣ ಹಳೆಯ ಗೋಡೆಯನ್ನು ಕೆಡವಿದ 1999ರ ಮಸೂದೆಗೆ ಸೆನೆಟ್‌ನಲ್ಲಿ 90 ಮತಗಳು ಬಂದವು. ವಿರೋಧಿಸಿದವರು ಕೇವಲ 8 ಮಂದಿ, ಅವರಲ್ಲಿ ಫೈನ್‌ಗೋಲ್ಡ್ ಒಬ್ಬರು. 2001ರ ಸೆಪ್ಟೆಂಬರ್ ದಾಳಿಯ ಬೆನ್ನಲ್ಲೇ ಬಂದ ಪೇಟ್ರಿಯಟ್ ಕಾಯ್ದೆಗೆ 98 ಮಂದಿ ಕೈಯೆತ್ತಿದಾಗ ವಿರುದ್ಧ ಮತ ಕೊಟ್ಟವರು ಇವರೊಬ್ಬರೇ. ಮರುವರ್ಷ ಇರಾಕ್ ಯುದ್ಧದ ಅಧಿಕಾರಪತ್ರವನ್ನೂ ವಿರೋಧಿಸಿದರು. 2010ರಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷರು ತಂದ ಬ್ಯಾಂಕ್ ಸುಧಾರಣಾ ಮಸೂದೆ ಸಾಲದಾಯಿತೆಂದು, ಡೆಮೊಕ್ರಾಟಿಕ್ ಪಕ್ಷದಲ್ಲಿ ತಾವೊಬ್ಬರೇ ಅದರ ವಿರುದ್ಧ ನಿಂತರು. ಈ ಮತಗಳೆಲ್ಲವೂ ಸರಿಯೆಂದು ನಾವು ಹೇಳಬೇಕಾಗಿಲ್ಲ. ಅವು ಯಾರ ಹಣದ ಋಣವನ್ನೂ ತೀರಿಸುವ ಮತಗಳಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಅವರ ಹೆಸರು ಉಳಿದಿರುವುದು ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರೊಡನೆ ರೂಪಿಸಿದ ಚುನಾವಣಾ ನಿಧಿ ಸುಧಾರಣಾ ಕಾಯ್ದೆಯಿಂದ. ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿಯಿದ್ದರೂ, ಪಕ್ಷಕ್ಕೆ 'ಸಂಘಟನೆಯ ಖರ್ಚಿಗೆ' ಎಂದು ಕೊಡುವ ಹಣಕ್ಕೆ ಅಲ್ಲಿ ಮಿತಿಯಿರಲಿಲ್ಲ. ಈ 'ಸಾಫ್ಟ್ ಮನಿ' 2000ದ ಚುನಾವಣೆಯ ವೇಳೆಗೆ ಸುಮಾರು 50 ಕೋಟಿ ಡಾಲರ್ ಮುಟ್ಟಿತ್ತು. 1995ರಲ್ಲಿ ಆರಂಭವಾದ ಪ್ರಯತ್ನ ಹಲವು ಬಾರಿ ಸೋತು, ಎನ್ರಾನ್ ಕಂಪನಿಯ ಕುಸಿತದ ನಂತರ, 2002ರ ಮಾರ್ಚ್‌ನಲ್ಲಿ 60ಕ್ಕೆ 40 ಮತಗಳಿಂದ ಸೆನೆಟ್ ದಾಟಿತು. ಈ ನಡುವೆ 1998ರಲ್ಲಿ ಸ್ವತಃ ಮರುಚುನಾವಣೆಗೆ ನಿಂತಾಗ, ಕಾಯ್ದೆ ಬರುವ ಮೊದಲೇ ಫೈನ್‌ಗೋಲ್ಡ್ ಅದನ್ನು ತಮಗೆ ತಾವೇ ಅನ್ವಯಿಸಿಕೊಂಡರು. ಮತದಾರನೊಬ್ಬನಿಗೆ ಒಂದು ಡಾಲರಿನ ಲೆಕ್ಕದಲ್ಲಿ ಸುಮಾರು 38 ಲಕ್ಷ ಡಾಲರಿಗೆ ತಮ್ಮ ಖರ್ಚನ್ನು ಸೀಮಿತಗೊಳಿಸಿದರು. ತಮ್ಮ ಪರವಾಗಿ ಸಾಫ್ಟ್ ಮನಿಯ ಜಾಹೀರಾತು ಹಾಕಬೇಡಿರೆಂದು ಪಕ್ಷವನ್ನು ಕೇಳಿಕೊಂಡರು. ಗೆದ್ದರು, ಆದರೆ ಕೇವಲ ಎರಡು ಶೇಕಡಾ ಅಂತರದಿಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನೀತಿಕಥೆಯಾಗುತ್ತಿತ್ತು. ಕಂಪನಿಗಳೂ ಕಾರ್ಮಿಕ ಸಂಘಟನೆಗಳೂ ಅಭ್ಯರ್ಥಿಯ ಕೈಗೆ ಹಣ ಕೊಡದೆ, ಸ್ವತಂತ್ರವಾಗಿ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದು 2010ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5ಕ್ಕೆ 4ರ ಬಹುಮತದಿಂದ ತೀರ್ಪಿತ್ತು, ಆ ಕಾಯ್ದೆಯ ಒಂದು ಮುಖ್ಯ ಭಾಗವನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಫೈನ್‌ಗೋಲ್ಡ್ ಸೋತರು. ಗೆದ್ದ ರಾನ್ ಜಾನ್ಸನ್ ಅವರು ಪ್ಲಾಸ್ಟಿಕ್ ಉದ್ಯಮಿ. ಸ್ವಂತ ಹಣವನ್ನೇ ಸುಮಾರು 90 ಲಕ್ಷ ಡಾಲರ್ ತೊಡಗಿಸಿದ್ದರು. ಹಣವೊಂದೇ ಈ ಸೋಲಿಗೆ ಕಾರಣವೆನ್ನುವುದು ಅನ್ಯಾಯ. ಆ ವರ್ಷ ದೇಶದಾದ್ಯಂತ ಡೆಮೊಕ್ರಾಟರ ವಿರುದ್ಧ ಗಾಳಿ ಬೀಸಿತ್ತು, ಫೈನ್‌ಗೋಲ್ಡ್ ಅವರ ಬಳಿಯೂ ಹಣಕ್ಕೆ ಕೊರತೆಯಿರಲಿಲ್ಲ. 2016ರಲ್ಲಿ ಅವರು ಮತ್ತೆ ನಿಂತಾಗ, ರಾಜ್ಯದ ಜನರಿಂದಲೇ ಹೆಚ್ಚಿನ ದೇಣಿಗೆ ಎಂಬ ಹಳೆಯ ವಚನವನ್ನು ಕೈಬಿಟ್ಟರು. ವಿರೋಧಿಗಳು ಗ್ಯಾರೇಜಿನ ಬಾಗಿಲನ್ನು ನೆನಪಿಸದೆ ಬಿಡಲಿಲ್ಲ. ಅವರು ಮತ್ತೆ ಸೋತರು.

ಈ ಕೊನೆಯ ಸಂಗತಿಯೇ ನಮಗೆ ಹೆಚ್ಚು ಪಾಠ ಕಲಿಸುವಂಥದು. ವ್ಯಕ್ತಿಯ ಸಂಯಮ ಎಷ್ಟೇ ಪ್ರಾಮಾಣಿಕವಾಗಿರಲಿ, ಎದುರಾಳಿಯನ್ನು ಕಟ್ಟಿಹಾಕದ ನಿಯಮ ತನ್ನನ್ನು ಮಾತ್ರ ಕಟ್ಟಿಹಾಕಿದಾಗ ಅದು ಬಹುಕಾಲ ಬಾಳುವುದಿಲ್ಲ. ಅದಕ್ಕಾಗಿಯೇ ಕಾನೂನು ಬೇಕು. ಆ ಕಾನೂನೂ ತೀರ್ಪೊಂದರಿಂದ ಬಿದ್ದುಹೋಗಬಹುದು. ಆಗ ಪ್ರಜೆಯ ಕೈಯಲ್ಲಿ ಉಳಿಯುವುದು ತೆರೆದ ಲೆಕ್ಕ ಮತ್ತು ಮರೆಯದ ಮನಸ್ಸು. ಫೈನ್‌ಗೋಲ್ಡ್ ವಚನ ಬಿಟ್ಟದ್ದನ್ನು ಜನರು ಹಿಡಿಯಲು ಸಾಧ್ಯವಾದದ್ದು ಯಾರು ಎಷ್ಟು ಕೊಟ್ಟರೆಂಬುದು ಅಲ್ಲಿ ಬಹಿರಂಗವಾಗಿದ್ದರಿಂದ.

ನಮ್ಮಲ್ಲಿ ಇದೇ ಲೆಕ್ಕವನ್ನು ಮುಚ್ಚಿಡುವ ಏರ್ಪಾಡು ಆರು ವರ್ಷ ನಡೆಯಿತು. 2017ರ ಹಣಕಾಸು ಕಾಯ್ದೆ ಕಂಪನಿಗಳ ದೇಣಿಗೆಗಿದ್ದ ಲಾಭದ ಶೇಕಡಾ 7.5ರ ಮಿತಿಯನ್ನು ತೆಗೆದುಹಾಕಿತು. 2018ರಲ್ಲಿ ಚುನಾವಣಾ ಬಾಂಡ್‌ಗಳು ಬಂದವು. ಕೊಟ್ಟವರಾರು, ಪಡೆದವರಾರು ಎಂಬುದು ಮತದಾರನಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದುಮಾಡಿ, ವಿವರಗಳನ್ನು ಪ್ರಕಟಿಸುವಂತೆ ಆಜ್ಞೆ ಮಾಡಿತು. ಮಾರ್ಚ್ ತಿಂಗಳಲ್ಲಿ ಆ ಪಟ್ಟಿ ಹೊರಬಂದಾಗ ಕೆಲವು ದಿನ ಗದ್ದಲವಾಯಿತು. ಆಮೇಲೆ ಅದನ್ನು ಬಿಡಿಸಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಬಾಗಿಲ ಮೇಲಿನ ಇನ್ನೊಂದು ವಚನ, ತಾನು ಪ್ರತಿನಿಧಿಸುವ ನೆಲದಲ್ಲಿಯೇ ವಾಸಿಸುವ ವಚನ, ಹೊರನಾಡಿನಲ್ಲಿರುವ ನಮ್ಮನ್ನು ಬೇರೊಂದು ರೀತಿಯಲ್ಲಿ ತಟ್ಟುತ್ತದೆ. ರಾಜ್ಯಸಭೆಯ ಸದಸ್ಯ ಆಯಾ ರಾಜ್ಯದ ಮತದಾರನಾಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆಯಲಾಯಿತು; 2006ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕರ್ನಾಟಕಕ್ಕೆ ಅಲ್ಲಿ 12 ಸ್ಥಾನಗಳಿವೆ. ಊರು ಬಿಟ್ಟು ಬಂದ ನಾವು ವಾಸವೊಂದೇ ನಿಷ್ಠೆಯ ಗುರುತೆಂದು ವಾದಿಸಲಾರೆವು. ಆದರೆ ರಾಜ್ಯದ ಹೆಸರಿನಲ್ಲಿ ಕುಳಿತವರು ವರ್ಷಕ್ಕೊಮ್ಮೆಯಾದರೂ ಜಿಲ್ಲೆ ಜಿಲ್ಲೆಗೆ ಹೋಗಿ ಕುಳಿತು ಕೇಳಲಿ ಎಂದು ಬಯಸುವ ಹಕ್ಕು ನಮಗಿದೆ.

ರಾಜ್ಯೋತ್ಸವಕ್ಕೆಂದು ಮನೆಮನೆಗೆ ಹೋಗಿ ಚಂದಾ ಎತ್ತುವ ನಮ್ಮ ಸಂಘ, ವಾರ್ಷಿಕ ಮಹಾಸಭೆಯಲ್ಲಿ ನೂರು ರೂಪಾಯಿಯ ರಸೀದಿಗೂ ಉತ್ತರ ಹೇಳುತ್ತದೆ. ಹೇಳದಿದ್ದರೆ ಸದಸ್ಯರು ಎದ್ದು ಕೇಳುತ್ತಾರೆ. 20,000 ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕೆಂಬ ನಿಯಮವಿದೆ. ಅಭ್ಯರ್ಥಿಗಳ ಪ್ರಮಾಣಪತ್ರಗಳೂ ಸಾರ್ವಜನಿಕವಾಗಿಯೇ ಇವೆ. ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ನಾವು ನೆಲೆಸಿದ ಊರಿನಲ್ಲಿ ಮತ ಕೇಳಲು ಬರುವವರನ್ನು ಮಹಾಸಭೆಯ ಅದೇ ಸದಸ್ಯರಂತೆ ಎದ್ದು ಪ್ರಶ್ನಿಸುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.