ಲಿಂಪೊಪೊ ದಂಡೆಯ ದೊಡ್ಡ ಹುಣಸೆ

ಹೋದ ವಾರ ನಿಮ್ಮನ್ನೆಲ್ಲ ಕೇಪ್‌ಟೌನಿನ ಮೇಜುಗುಡ್ಡದ ನೆತ್ತಿಯಲ್ಲಿ ಬಿಟ್ಟು ಬಂದಿದ್ದೆ. 1085 ಮೀಟರ್ ಎತ್ತರದಲ್ಲಿ, ಮೋಡದ ಹಾಸಿನೊಳಗೆ ನಡುಗುತ್ತ ನಿಂತಿದ್ದೀರೇನೋ! ಇಳಿದು ಬನ್ನಿ. ಈ ವಾರ ದಕ್ಷಿಣ ಆಫ್ರಿಕಾ ದೇಶದ ಇನ್ನೊಂದು ತುದಿಗೆ, ಬಡಗಣ ಗಡಿಯ ಲಿಂಪೊಪೊ ನದಿಗೆ ಹೋಗುವುದಿದೆ.

ಹೊರಡುವ ಮೊದಲು ಒಂದು ಪತ್ರ ಓದಿಬಿಡುತ್ತೇನೆ. ಬಬಲೇಶ್ವರ ತಾಲೂಕಿನ ಜೈನಾಪುರದಿಂದ ಒಬ್ಬ ಹಿರಿಯರು ಬರೆದಿದ್ದಾರೆ: “ಸರ, ನೀವು ವಾರಾ ವಾರಾ ಆಫ್ರಿಕಾ ತೋರಸಾಕತ್ತೀರಿ. ನಾ ಓದಿ ಹೇಳತೀನಿ, ಮೊಮ್ಮಗ ಕೇಳತಾನ. ಕೇಳಿ ಮುಗದ ಮ್ಯಾಲೆ ‘ಮುತ್ಯಾ, ನಾವು ಯಾವಾಗ ಹೋಗೂದು?’ ಅಂತಾನ. ಇಮಾನದ ರೊಕ್ಕ ಎಲ್ಲಿಂದ ತರೂಣು? ಬಸ್ ಚಾರ್ಜಿನಾಗ ನೋಡೂವಂಥ ಆಫ್ರಿಕಾ ಏನರ ಇದ್ದರ ಬರೀರಿ.”

ಇದೆ ಮುತ್ಯಾ. ಜೈನಾಪುರದಿಂದ ವಿಜಯಪುರಕ್ಕೆ ಬಸ್ಸು ಹತ್ತಿದರೆ ಸಾಕು. ಆದರೆ ಮೊದಲು ಲಿಂಪೊಪೊ ನೋಡಿಕೊಂಡು ಬರೋಣ. ಆಮೇಲೆ ಅದು ಏನು ಅಂತ ಮೊಮ್ಮಗನೇ ಹೇಳುತ್ತಾನೆ.

ಜೊಹಾನ್ಸ್‌ಬರ್ಗ್ ನಗರದಿಂದ ಗಡಿಗೆ ಸುಮಾರು 500 ಕಿಲೋಮೀಟರ್. ವಿಜಯಪುರದಿಂದ ಬೆಂಗಳೂರಿಗೆ ಹೋದಷ್ಟು ದಾರಿ. ಅರ್ಧ ದಾರಿ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಗುರುತು ಕಾಣುತ್ತದೆ: ಇದೇ ಮಕರ ಸಂಕ್ರಾಂತಿ ವೃತ್ತ. ಭೂಗೋಳದ ಪುಸ್ತಕದಲ್ಲಿ ಚುಕ್ಕೆಚುಕ್ಕೆ ಗೆರೆಯಾಗಿ ನೋಡಿದ್ದೀರಲ್ಲ, ಅದು. ನಾವು ಡಿಸೆಂಬರಿನಲ್ಲಿ ಕಂಬಳಿ ಹೊದ್ದು ಮಲಗಿದಾಗ ಅಲ್ಲಿ ಸೂರ್ಯ ನಡುನೆತ್ತಿಯ ಮೇಲೆ ಸುಡುತ್ತಿರುತ್ತಾನೆ. ನಮ್ಮ ಮೇ ತಿಂಗಳ ರಜೆಯಲ್ಲಿ ಅವರಿಗೆ ಚಳಿಗಾಲ ಶುರು.

ಆ ಗೆರೆ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಮಳೆ ಕಡಿಮೆ, ಕುರುಚಲು ಗಿಡ, ಕೆಂಪು ಬಂಡೆ. ಮಳೆಯಿಲ್ಲದ ತಿಂಗಳುಗಳಲ್ಲಿ ಲಿಂಪೊಪೊ ಕೂಡ ನಮ್ಮ ಡೋಣಿಯ ಹಾಗೆಯೇ, ಬರೀ ಉಸುಕು. ಬಿಜಾಪುರ ಸೀಮೆಯವರಿಗೆ ಇಲ್ಲಿ ಪರದೇಶ ಅನ್ನಿಸುವುದು ಕಷ್ಟ. ಆನೆ, ಜಿರಾಫೆ ಎದುರಿಗೆ ಬಂದಾಗ ಮಾತ್ರ ನೆನಪಾಗಬೇಕು!

ಈ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ವಿಚಿತ್ರ ಮರ ನಿಂತಿರುತ್ತದೆ. ಕಾಂಡ ದೊಡ್ಡ ಹಗೇವಿನಷ್ಟು ದಪ್ಪ, ತೊಗಟೆ ಬೂದು, ಆನೆಯ ಚರ್ಮದಂತೆ ಮಡಿಕೆ ಮಡಿಕೆ. ಎಲೆ ಉದುರಿದ ಕಾಲದಲ್ಲಿ ನೋಡಿದರೆ ಯಾರೋ ಬೇರುಸಮೇತ ಕಿತ್ತು, ತಲೆಕೆಳಗು ಮಾಡಿ ನೆಟ್ಟಂತೆ ಕಾಣುತ್ತದೆ. ದೇವರಿಗೆ ಸಿಟ್ಟು ಬಂದು ಹಾಗೆ ನೆಟ್ಟ ಅಂತ ಆಫ್ರಿಕಾದಲ್ಲಿ ಅಜ್ಜಿಯರು ಕತೆ ಹೇಳುತ್ತಾರೆ. ಇದೇ ಬಾವೋಬಾಬ್. ಸಸ್ಯಶಾಸ್ತ್ರದಲ್ಲಿ ಅಡನ್ಸೋನಿಯಾ ಡಿಜಿಟಾಟಾ. 1749ರಲ್ಲಿ ಸೆನೆಗಲ್‌ಗೆ ಹೋಗಿ ಇದನ್ನು ವಿವರವಾಗಿ ಬರೆದ ಫ್ರಾನ್ಸಿನ ಮಿಶೆಲ್ ಅಡಾನ್ಸನ್ ಹೆಸರು ಮೊದಲ ಪದದಲ್ಲಿದೆ. ಎರಡನೆಯದು ಬೆರಳಿಗೆ ಸಂಬಂಧಿಸಿದ್ದು. ಎಲೆ ಅಂಗೈಯ ಐದು ಬೆರಳಿನಂತೆ ಬಿಡಿಸಿಕೊಂಡಿರುತ್ತದೆ.

ವೆಂಡಾ ಜನರ ನಾಡಿನಲ್ಲಿ ಸಾಗೋಲೆ ಎಂಬಲ್ಲಿ ಇರುವ ಮರದ ಸುತ್ತಳತೆ ಸುಮಾರು 33 ಮೀಟರ್. ನಿಮ್ಮ ಶಾಲೆಯ ಐದನೇ ತರಗತಿಯ 25 ಮಕ್ಕಳು ಕೈಕೈ ಹಿಡಿದು ನಿಂತರೆ ತಬ್ಬಿಕೊಳ್ಳಬಹುದು. ಗಾಳಿ ಬೀಸಿದಾಗ ಕೊಂಬೆಗಳು ಮೊರೆಯುತ್ತವೆಂದು ಅಲ್ಲಿನವರು ಅದನ್ನು ‘ಗರ್ಜಿಸುವ ಮರ’ ಅನ್ನುತ್ತಾರೆ.

ಈ ಮರದ ಗುಟ್ಟೆಲ್ಲ ನೀರಿನಲ್ಲಿದೆ. ಅದರ ಕಟ್ಟಿಗೆ ಸ್ಪಂಜಿನಂತೆ ಮೆತ್ತಗೆ; ಮಳೆಗಾಲದಲ್ಲಿ ನೀರು ಹೀರಿ ತುಂಬಿಕೊಳ್ಳುತ್ತದೆ. ಬರ ಬಿದ್ದಾಗ ಆನೆಗಳು ಬಂದು ದಂತದಿಂದ ಕಾಂಡ ಸೀಳಿ ಆ ಹಸಿ ನಾರನ್ನು ಅಗಿಯುತ್ತವೆ. ಬೇರೆ ಮರವಾದರೆ ಸುತ್ತ ತೊಗಟೆ ಕಿತ್ತರೆ ಸತ್ತೇ ಹೋಗುತ್ತದೆ. ಇದು ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಬಾಗಿಲಿಗೆ, ತೊಲೆಗೆ, ಒಲೆಗೆ ಯಾವುದಕ್ಕೂ ಇದರ ಕಟ್ಟಿಗೆ ಬಾರದು. ಕೊಡಲಿಯಿಂದ ಇಷ್ಟು ಕಾಲ ಉಳಿದದ್ದು ಅದಕ್ಕೇ ಇರಬೇಕು ಅಂತ ನನ್ನ ಲೆಕ್ಕ. ಆದರೆ ಎಲೆ ಪಲ್ಯಕ್ಕೆ ಬರುತ್ತದೆ, ತೊಗಟೆಯ ನಾರು ಹಗ್ಗಕ್ಕೆ ಬರುತ್ತದೆ. ಕಾಯಿಯ ಗಟ್ಟಿ ಚಿಪ್ಪು ಒಡೆದರೆ ಒಳಗೆ ಒಣಗಿದ ಬಿಳಿ ತಿರುಳು, ಬಾಯಲ್ಲಿಟ್ಟರೆ ಹುಳಿ. ಹೂವು ಅರಳುವುದು ಸಂಜೆಯಾದ ಮೇಲೆ. ಅಂಗೈಯಷ್ಟು ದೊಡ್ಡ ಬಿಳಿ ಹೂವು ಬಾವಲಿಗಳನ್ನು ಕರೆದು ಮರುದಿನ ಬಾಡುತ್ತದೆ.

ಮೊಮ್ಮಗನಿಗೆ ಈಗ ಹೊಳೆಯಿತೇನು? ಹೌದು, ವಿಜಯಪುರದಲ್ಲಿ ಇಬ್ರಾಹಿಂ ರೋಜಾದ ಕಡೆ, ಯೋಗಾಪುರದ ದರ್ಗಾ ಹತ್ತಿರ ನಿಂತಿದೆಯಲ್ಲ, ಅದೇ ಮರ! ಕನ್ನಡದಲ್ಲಿ ದೊಡ್ಡ ಹುಣಸೆ, ಆನೆ ಹುಣಸೆ. ಮರಾಠಿಯಲ್ಲಿ ಗೋರಖ ಚಿಂಚ. ಗೋರಖನಾಥರು ಅದರ ಕೆಳಗೆ ಶಿಷ್ಯರಿಗೆ ಪಾಠ ಹೇಳಿದರು ಅಂತ ಪ್ರತೀತಿ. ನಾವು ತಿನ್ನುವ ಹುಣಸೆಗೂ ಇದಕ್ಕೂ ಬಳಗದ ಸಂಬಂಧವಿಲ್ಲ, ಹುಳಿ ಒಂದೇ ಸಂಬಂಧ. ಬಿಜಾಪುರಕ್ಕೆ ಬರುವ ಪ್ರವಾಸಿಗರು ಗೋಳಗುಮ್ಮಟದಲ್ಲಿ ಕೂಗಿ, ಮಲಿಕ್-ಎ-ಮೈದಾನ್ ತೋಪನ್ನು ಮುಟ್ಟಿ ಹೊರಟುಬಿಡುತ್ತಾರೆ. ಈ ಮರದ ಕೆಳಗೆ ಹತ್ತು ನಿಮಿಷ ನಿಲ್ಲುವವರು ಕಡಿಮೆ.

ಅಷ್ಟು ದೂರದ ಮರ ಇಲ್ಲಿಗೆ ಹೇಗೆ ಬಂತು? ಉತ್ತರದ ಒಂದು ತುಂಡು ಲಿಂಪೊಪೊ ದಂಡೆಯಲ್ಲೇ ಇದೆ. ಶಾಶೆ ನದಿ ಬಂದು ಕೂಡುವಲ್ಲಿ ಮಪುಂಗುಬ್ವೆ ಎಂಬ ಗುಡ್ಡವಿದೆ. 2003ರಿಂದ ವಿಶ್ವಪರಂಪರೆಯ ತಾಣ. 13ನೇ ಶತಮಾನದಲ್ಲಿ ಅದರ ಮೇಲೆ ಒಬ್ಬ ಅರಸನ ಊರು ಇತ್ತು. ನಮ್ಮ ಬಿಜಾಪುರ ಸೀಮೆಯನ್ನು ಆಗ ದೇವಗಿರಿಯ ಸೇವುಣರು ಆಳುತ್ತಿದ್ದರು. ಗುಡ್ಡದ ಗೋರಿಗಳಲ್ಲಿ ಚಿನ್ನದ ತಗಡು ಹೊದಿಸಿದ ಗೇಣುದ್ದದ ಒಂದು ಪುಟ್ಟ ಖಡ್ಗಮೃಗ ಸಿಕ್ಕಿತು. ಅದರ ಜೊತೆಗೆ ಸಾವಿರಾರು ಗಾಜಿನ ಮಣಿಗಳೂ ಸಿಕ್ಕವು. ಅವುಗಳಲ್ಲಿ ಬಹಳಷ್ಟು ಹಿಂದೂಸ್ತಾನದಿಂದ ಹೋದವು! ಅಲ್ಲಿಂದ ಚಿನ್ನ, ಆನೆದಂತ. ಇಲ್ಲಿಂದ ಮಣಿ, ಬಟ್ಟೆ. ಮುಂಗಾರು ಗಾಳಿಯ ಬೆನ್ನು ಹತ್ತಿ ಹಾಯಿಹಡಗುಗಳು ಹೋಗಿ ಬರುತ್ತಿದ್ದವು. ಬಾವೋಬಾಬಿನ ಒಣಕಾಯಿ ಬಹಳ ದಿನ ಕೆಡುವುದಿಲ್ಲ. ಹಡಗಿನವರ ಬುತ್ತಿಯಲ್ಲಿ ಅದರ ಬೀಜ ಸಮುದ್ರ ದಾಟಿದ್ದರೆ ಆಶ್ಚರ್ಯವಿಲ್ಲ. ನಮ್ಮ ದೇಶದ ಬಾವೋಬಾಬ್‌ಗಳ ವಂಶವಾಹಿ ಪರೀಕ್ಷಿಸಿದವರು ಅವು ಒಂದೇ ಸಲ ಬಂದವಲ್ಲ, ಆಫ್ರಿಕಾದ ಬೇರೆಬೇರೆ ಕಡೆಗಳಿಂದ ಹಲವು ಸಲ ಬಂದವು ಎಂದು ಕಂಡುಕೊಂಡಿದ್ದಾರೆ.

ಅದೇ ಸಮುದ್ರದ ಮೇಲೆ ಮನುಷ್ಯರೂ ಬಂದರು. ಕೆಲವರು ಆದಿಲಶಾಹಿಯಲ್ಲಿ ದೊಡ್ಡ ಪದವಿಗೇರಿದರು. ಮಹಮ್ಮದ್ ಆದಿಲಶಾಹನ ಕಾಲದ ಮಂತ್ರಿ ಇಖ್ಲಾಸ್ ಖಾನ್ ಹಬಶಿ, ಅಂದರೆ ಆಫ್ರಿಕಾ ಮೂಲದವನು. ಆದರೆ ಬಹಳ ಜನ ಹಾಗೆ ಬರಲಿಲ್ಲ. ಪೋರ್ಚುಗೀಸರು ಅವರನ್ನು ಗುಲಾಮರಾಗಿ ಹಿಡಿದು ಗೋವೆಗೆ ತಂದು ಮಾರಿದರು. ಮೊಜಾಂಬಿಕ್ ಕಡೆಯವರು ಅವರಲ್ಲಿ ಬಹಳ. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ನಮ್ಮ ಸಿದ್ದಿಗಳ ಹಿರಿಯರು ಹೀಗೆ ಬಂದವರು. ಇವತ್ತು ಅವರು ಕೊಂಕಣಿ, ಕನ್ನಡ ಆಡುತ್ತಾರೆ, ಡಮಾಮಿ ಬಾರಿಸಿ ಕುಣಿಯುತ್ತಾರೆ. ಮರಕ್ಕೆ ನಾವು ಕಟ್ಟೆ ಕಟ್ಟಿ ಕೈಮುಗಿದೆವು. ಅದೇ ಖಂಡದಿಂದ ಬಂದ ಈ ಕನ್ನಡಿಗರನ್ನು ಮಾತ್ರ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ “ಯಾವ ದೇಶದವರು?” ಅಂತ ಕೇಳುತ್ತೇವೆ. ಮಕ್ಕಳೇ, ನೀವು ಹಾಗೆ ಕೇಳಬೇಡಿ.

ಈಗ ಮನಸ್ಸಿಗೆ ಬೇಸರವಾಗುವ ಸುದ್ದಿ. ಬಾವೋಬಾಬಿನ ವಯಸ್ಸನ್ನು ಉಂಗುರ ಎಣಿಸಿ ಹೇಳಲಾಗದು, ಒಳಗೆ ಪೊಳ್ಳು. ಅದಕ್ಕೇ ನಾರಿನ ಚೂರು ತೆಗೆದು ಇಂಗಾಲದ ಪರೀಕ್ಷೆ ಮಾಡುತ್ತಾರೆ. ಹೀಗೆ ಹಳೆಯ ಮರಗಳನ್ನು ಹುಡುಕುತ್ತ ಹೋದ ವಿಜ್ಞಾನಿಗಳು 2018ರಲ್ಲಿ ಬರೆದದ್ದನ್ನು ಓದಿ ಎಲ್ಲರೂ ಬೆಚ್ಚಿದರು. ಆಫ್ರಿಕಾದ ಅತಿ ಹಳೆಯ 13 ಮರಗಳಲ್ಲಿ 9, ಅತಿ ದೊಡ್ಡ 6ರಲ್ಲಿ 5, ಹನ್ನೆರಡೇ ವರ್ಷಗಳಲ್ಲಿ ಪೂರ್ತಿ ಸತ್ತಿದ್ದವು ಇಲ್ಲವೇ ಭಾಗಭಾಗವಾಗಿ ಕುಸಿದಿದ್ದವು. ಜಿಂಬಾಬ್ವೆಯ ಪಾಂಕೆ ಮರಕ್ಕೆ ಸುಮಾರು 2450 ವರ್ಷ. 2011ರ ಹೊತ್ತಿಗೆ ಮುಗಿಯಿತು. ಬೋಟ್ಸ್‌ವಾನಾದ ಚಾಪ್‌ಮನ್ ಮರ 2016ರ ಜನವರಿ 7ರಂದು ಆರೂ ಕಾಂಡ ಚೆಲ್ಲಿ ಬಿತ್ತು. ಲಿಂಪೊಪೊ ಪ್ರಾಂತ್ಯದ ಸನ್‌ಲ್ಯಾಂಡ್ ಮರದ ಪೊಟರೆಯಲ್ಲಿ ಜನ ಕೂತು ಪಾನೀಯ ಕುಡಿಯುವಷ್ಟು ಜಾಗವಿತ್ತು. 2016–17ರಲ್ಲಿ ಅದೂ ಸೀಳಿತು. ರೋಗವೇನೂ ಕಾಣಲಿಲ್ಲ. ಬಿಸಿಲು ಹೆಚ್ಚಿ ನೆಲ ಒಣಗಿದ್ದೇ ಕಾರಣವಿರಬೇಕೆಂಬುದು ಅವರ ಸಂಶಯ. ಬಿದ್ದ ಬಾವೋಬಾಬ್ ತೊಲೆಯಾಗಿ ಉಳಿಯುವುದಿಲ್ಲ, ಬೇಗನೆ ಒದ್ದೆ ನಾರಿನ ಗುಡ್ಡೆಯಾಗುತ್ತದೆ.

ನಮ್ಮಲ್ಲೂ ಒಂದು ಬಿತ್ತು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಕಲ್ಮಠವಿದೆ. ಮಠಕ್ಕೆ ಹೆಸರು ಕೊಟ್ಟದ್ದೇ ಅಲ್ಲಿನ ಮೂರು ಬಾವೋಬಾಬ್. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಊರಿನವರು ಬಂದು ಅತ್ತರು. ಆದರೆ ಕಡಿದು ಸಾಗಿಸಲಿಲ್ಲ. ಕೊಂಬೆ ಸವರಿ, ಔಷಧ ಹಚ್ಚಿ, ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಅದು ಚಿಗುರಿತು. ಇನ್ನೂ ನೂರು ವರ್ಷ ಇರುತ್ತದೋ ಇಲ್ಲವೋ, ಕಾದು ನೋಡುವವರು ನೀವು, ನಾವಲ್ಲ.

ಜೈನಾಪುರದ ಮುತ್ಯಾ ಮತ್ತು ಮೊಮ್ಮಗನಿಗೆ ಹೋಗುವ ಹಂಚಿಕೆ ಹೇಳುತ್ತೇನೆ. ಮಳೆ ಬಿದ್ದ ಮೇಲೆ ಹೋಗಿ. ಬೇಸಿಗೆಯಲ್ಲಿ ಎಲೆ ಇರುವುದಿಲ್ಲ. ಇಬ್ರಾಹಿಂ ರೋಜಾ ನೋಡಿಕೊಂಡು ಸಂಜೆಗೆ ಮರದ ಹತ್ತಿರ ಬನ್ನಿ, ಹೂವು ಬಿಟ್ಟಿದ್ದರೆ ಆಗಲೇ ಅರಳುತ್ತದೆ. ಒಂದು ದಾರ ತೆಗೆದುಕೊಂಡು ಹೋಗಿ ಸುತ್ತಳತೆ ಅಳೆದು ನನಗೆ ಬರೆಯಿರಿ. ಕೆಳಗೆ ಬಿದ್ದ ಎಲೆ ಆರಿಸಿಕೊಳ್ಳಬಹುದು. ತೊಗಟೆಯ ಮೇಲೆ ಚೂರಿಯಿಂದ ಹೆಸರು ಕೆತ್ತಿದವರನ್ನು ಕಂಡರೆ ಮಾತ್ರ ಮುತ್ಯಾ ಎರಡು ಮಾತು ಬೈದೇ ಬರಬೇಕು.

ಮುಂದಿನ ವಾರ ಲಿಂಪೊಪೊ ದಾಟಿ ಜಾಂಬೆಜಿ ನದಿಗೆ. ಗೋಕಾಕ ಜಲಪಾತ 52 ಮೀಟರ್ ಧುಮುಕುತ್ತದೆ. ಅಲ್ಲಿಯದು 108 ಮೀಟರ್, ಅಗಲ ಒಂದೂಮುಕ್ಕಾಲು ಕಿಲೋಮೀಟರಿಗೆ ತುಸು ಕಡಿಮೆ. ಕೊಡೆ ತನ್ನಿ, ಮಳೆ ಕೆಳಗಿನಿಂದ ಮೇಲಕ್ಕೆ ಬರುವ ಊರು ಅದು.