ಹೆಬ್ಬೆಟ್ಟು ಒತ್ತುವ ಮೊದಲು ಐದು ಮಾತು ಕೇಳಿರಿ

ಲೋಕಾಪುರದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂದು ತಾಸು ನಿಂತು ನೋಡಿರಿ. ಬಾಗಲಕೋಟೆ ಬಸ್ಸಿಗೆ, ಮುಧೋಳ ಬಸ್ಸಿಗೆ ಕಾಯುವವರಲ್ಲಿ ದೊಡ್ಡ ಲಕೋಟೆ ಹಿಡಿದವರು ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಒಳಗೆ ಸ್ಕ್ಯಾನಿಂಗ್ ಚಿತ್ರ, ರಕ್ತಪರೀಕ್ಷೆಯ ಕಾಗದ. "ಎಲ್ಲಿಗೆ ಹೊಂಟೀರಿ?" ಅಂದರೆ "ದವಾಖಾನಿಗ್ರಿ" ಅನ್ನುತ್ತಾರೆ. "ಏನಾಗೇತಿ?" ಅಂದರೆ "ಆಪರೇಷನ್ ಮಾಡಬೇಕಂತ ಹೇಳ್ಯಾರ." "ಯಾವ ಆಪರೇಷನ್?" ಅಂದರೆ ಮಾತ್ರ ಉತ್ತರ ಒಂದೇ: "ಅದು ನಮಗೇನ ತಿಳೀತೈತ್ರಿ? ಡಾಕ್ಟರಿಗೆ ಗೊತ್ತು."

ಈ ಕೊನೆಯ ಮಾತೇ ಇವತ್ತಿನ ನಮ್ಮ ವಿಷಯ.

ಒಂದು ಕ್ವಿಂಟಲ್ ಜೋಳ ಮಾರುವಾಗ ತೂಕದ ಮುಳ್ಳನ್ನು ಎರಡು ಸಲ ನೋಡುವ ಮಂದಿ ನಾವು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸದೆ ರೊಕ್ಕ ಬಿಚ್ಚುವವರಲ್ಲ. ಆದರೆ ನಮ್ಮದೇ ಹೊಟ್ಟೆ ಕೊಯ್ಯಲು ಒಪ್ಪಿಗೆ ಕೊಡುವ ಕಾಗದ ಮುಂದೆ ಬಂದಾಗ, ಓದದೆ, ಕೇಳದೆ ಹೆಬ್ಬೆಟ್ಟು ಒತ್ತುತ್ತೇವೆ. ಓದು ಬಂದವರು ಸಹಿ ಹಾಕುತ್ತಾರೆ, ಅಷ್ಟೇ ಫರಕು.

ಡಾಕ್ಟರ ಮೇಲೆ ನಂಬಿಕೆ ಇರಬಾರದು ಎಂದು ಈ ಅಂಕಣ ಹೇಳುತ್ತಿಲ್ಲ. ನಮ್ಮ ಹಿರಿಯರು ದೊಡ್ಡ ಆಪರೇಷನ್ ಅಂದರೆ ಮಿರಜದ ಮಿಶನ್ ದವಾಖಾನೆಗೆ ಹೋಗಿ ಜೀವ ಉಳಿಸಿಕೊಂಡು ಬಂದವರು. ಆಗ ಅದೊಂದೇ ದಾರಿ. ಈಗ ಮುಧೋಳ, ಜಮಖಂಡಿ, ಬಾಗಲಕೋಟೆಗಳಲ್ಲಿ ಓಣಿಗೊಂದು ನರ್ಸಿಂಗ್ ಹೋಮ್. ಒಳ್ಳೆಯದೇ ಆಯಿತು. ಆದರೆ ಅಂಗಡಿ ಹೆಚ್ಚಾದ ಕಡೆ ಗಿರಾಕಿ ಎಚ್ಚರದಿಂದ ಇರಬೇಕು ಎಂಬುದು ಲೋಕಾಪುರದ ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಗರ್ಭಚೀಲದ ಕಥೆ

ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಗಾಬರಿ ಹುಟ್ಟಿಸುವ ಮಾತು ಒಂದಿದೆ: "ಗರ್ಭಚೀಲ ಕೆಟ್ಟೈತಿ, ತೆಗೆಸದಿದ್ದರ ಕ್ಯಾನ್ಸರ್ ಆಗತೈತಿ." ಬಿಳಿ ಸೆರಗು, ಸೊಂಟನೋವು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಇಷ್ಟಕ್ಕೇ ಈ ಮಾತು ಬಂದುಬಿಡುತ್ತದೆ. ಕ್ಯಾನ್ಸರ್ ಎಂಬ ಶಬ್ದ ಕೇಳಿದ ಮೇಲೆ ಮನೆಯವರು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಕೊರಳಲ್ಲಿನ ಬಂಗಾರ ಒತ್ತೆ ಬೀಳುತ್ತದೆ.

ಇದು ಬಾಯಿಮಾತಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಈ ಹಗರಣ ಬಯಲಿಗೆ ಬಂತು. ಬೇಡದಿದ್ದರೂ ಗರ್ಭಕೋಶ ಕಳೆದುಕೊಂಡವರು ಎರಡು ಸಾವಿರಕ್ಕೂ ಹೆಚ್ಚು ಎಂದು ಆಗ ವರದಿಯಾಯಿತು. ಹೆಚ್ಚಿನವರು ಲಂಬಾಣಿ ತಾಂಡಾದವರು, ದಲಿತರು. ಬಹಳ ಮಂದಿಗೆ ವಯಸ್ಸು ನಲವತ್ತೂ ಆಗಿರಲಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದ ಹೆಣ್ಣುಮಕ್ಕಳೂ ಇದೇ ಗೋಳು ಹೊತ್ತು 2022ರಲ್ಲಿ ಪರಿಹಾರ ಕೇಳಿ ಬೀದಿಗಿಳಿದರು.

ಕಬ್ಬಿನ ಸೀಮೆಯವರಾದ ನಮಗೆ ಇನ್ನೊಂದು ಸುದ್ದಿ ಹತ್ತಿರದ್ದು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಟಾವಿನ ಗ್ಯಾಂಗುಗಳು ಹಂಗಾಮಿನಲ್ಲಿ ನಮ್ಮ ಕಡೆಗೂ ಬರುತ್ತವೆ. 2019ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ಬೀಡಿನ 82 ಸಾವಿರ ಕಟಾವಿನ ಹೆಣ್ಣಾಳುಗಳನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿದ್ದು ಕಂಡಿತು. ಇಡೀ ದೇಶದಲ್ಲಿ, 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ, ಈ ಆಪರೇಷನ್ ಆದವರು ನೂರಕ್ಕೆ ಮೂವರು ಎಂದು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೀಡಿನ ಲೆಕ್ಕ ನೂರಕ್ಕೆ ಹದಿನಾರು! ಮುಟ್ಟಾದ ದಿನ ಕೆಲಸ ತಪ್ಪಿದರೆ ಮುಕಾದಮ ದಂಡ ಹಾಕುತ್ತಾನೆ, ಅದಕ್ಕೆ ಮುಟ್ಟೇ ಬೇಡ ಎಂದು ಚೀಲ ತೆಗೆಸಿಕೊಂಡವರೂ ಅವರಲ್ಲಿದ್ದಾರೆ. ರೋಗ ಯಾವುದು, ಕೊಯ್ದಿದ್ದು ಯಾವುದನ್ನು, ನೀವೇ ಹೇಳಿರಿ.

ವೈದ್ಯಶಾಸ್ತ್ರ ಏನನ್ನುತ್ತದೆ? ಕ್ಯಾನ್ಸರ್ ಖಚಿತವಾದರೆ, ದೊಡ್ಡ ಗಡ್ಡೆಯಾಗಿ ಔಷಧಿಗೆ ರಕ್ತ ನಿಲ್ಲದಿದ್ದರೆ, ಗರ್ಭಕೋಶ ತೀರಾ ಕೆಳಗೆ ಜಾರಿದ್ದರೆ, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಜೀವಕ್ಕೆ ಬಂದರೆ ತೆಗೆಯಬೇಕಾಗುತ್ತದೆ. ತೆಗೆದದ್ದರಿಂದ ಬದುಕಿದವರೂ ಇದ್ದಾರೆ. ಆದರೆ ಬರೀ ಬಿಳಿ ಸೆರಗಿಗೆ ಮಾತ್ರೆ ಇದೆ. ಹೆಚ್ಚು ರಕ್ತಕ್ಕೂ ಮೊದಲು ಮಾತ್ರೆ, ಇಲ್ಲವೇ ಒಳಗೆ ಇಡುವ ಔಷಧಿಯ ವಂಕಿಯಂಥ ಸಾಧನ ಇದೆ. ಗರ್ಭಕಂಠದ ಕ್ಯಾನ್ಸರ್ ಅನುಮಾನವಿದ್ದರೆ ಪ್ಯಾಪ್ ಪರೀಕ್ಷೆ ಮಾಡಿ ನೋಡುತ್ತಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತಂತಾಗಿ ಮೈ ಕಾವೇರುವುದು, ಎಲುಬು ಸವೆಯುವುದು, ಎದೆಯ ಬೇನೆಯ ಅಪಾಯ ಹೆಚ್ಚುವುದು ಎಲ್ಲ ಬೆನ್ನು ಹತ್ತುತ್ತವೆ. ಮೂವತ್ತರ ಹೆಣ್ಣುಮಗಳಿಗೆ ಇದು ಸಣ್ಣ ಮಾತೇ?

ಕಾನೂನು ಏನು ಹೇಳುತ್ತದೆ

"ಸಹಿ ಹಾಕಿದ ಮೇಲೆ ಮುಗೀತು" ಎಂದು ನಮ್ಮ ಜನ ತಿಳಿದಿದ್ದಾರೆ. ಮುಗಿಯುವುದಿಲ್ಲ. ದಿಲ್ಲಿಯಲ್ಲಿ 1995ರಲ್ಲಿ ಒಬ್ಬ ಮಹಿಳೆ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಲು ಒಪ್ಪಿ ಮಲಗಿದರು. ಅರಿವಳಿಕೆಯಲ್ಲಿದ್ದಾಗ ಡಾಕ್ಟರು ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಇದೇ ಸಮೀರಾ ಕೊಹ್ಲಿ ಕೇಸು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದು ತಪ್ಪು ಎಂದಿತು. ವಯಸ್ಕ ರೋಗಿಗೆ ಎಚ್ಚರ ಬರುವ ತನಕ ಕಾಯಬಹುದಾದ ಕೆಲಸಕ್ಕೆ ಮನೆಯವರ ಒಪ್ಪಿಗೆ ನಡೆಯುವುದಿಲ್ಲ. ಯಾವ ಚಿಕಿತ್ಸೆ, ಏತಕ್ಕೆ, ಬೇರೆ ದಾರಿ ಏನು, ಅಪಾಯ ಏನು, ಬೇಡವೆಂದರೆ ಏನಾದೀತು, ಇಷ್ಟನ್ನೂ ಡಾಕ್ಟರು ರೋಗಿಗೆ ತಿಳಿಸಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ಜೀವಕ್ಕೆ ಅಪಾಯವಿದ್ದ ತುರ್ತಿನಲ್ಲಿ ಮಾತ್ರ ವಿನಾಯಿತಿ.

2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಬೇಡದ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕಾಗದದಲ್ಲಿ ಕಾನೂನು ಗಟ್ಟಿಯಾಗಿದೆ. ಕೇಳುವ ಬಾಯಿ ಬೇಕು.

ಎಲ್ಲ ಆಪರೇಷನ್ ಒಂದೇ ಅಲ್ಲ

ಇಷ್ಟು ಓದಿ "ಹಂಗಾದರ ಯಾವ ಆಪರೇಷನ್ನೂ ಬ್ಯಾಡ" ಎಂದು ಕೂತರೆ ಅದೂ ಕೇಡು. ಕಾಯಬಹುದಾದದ್ದು ಯಾವುದು, ಕಾಯಬಾರದ್ದು ಯಾವುದು ಎಂದು ತಿಳಿದಿರಬೇಕು.

ಅಪೆಂಡಿಕ್ಸ್: ಹೊಕ್ಕಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು, ಜ್ವರ, ವಾಂತಿ ಬಂದರೆ ಮನೆಮದ್ದು ಮಾಡುತ್ತ ಕೂಡಬೇಡಿರಿ. ಒಡೆದರೆ ಹೊಟ್ಟೆಯೆಲ್ಲ ಕೀವು.

ಹರ್ನಿಯಾ: ಚೀಲ ಎತ್ತುವ ಹಮಾಲರಲ್ಲಿ, ಹೊಲದಲ್ಲಿ ದುಡಿಯುವವರಲ್ಲಿ ಕಾಣುವ ಬಾವು. ಮಾತ್ರೆಯಿಂದ ವಾಸಿಯಾಗದು, ಜಾಳಿಗೆ ಇಟ್ಟು ಹೊಲಿಯುತ್ತಾರೆ. ದಿನ ನೋಡಿ ಮಾಡಿಸಿಕೊಳ್ಳಬಹುದು. ಆದರೆ ಬಾವು ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ಅವತ್ತೇ ಓಡಬೇಕು.

ಕಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು: "ಇನ್ನೂ ಹಣ್ಣಾಗಿಲ್ಲ" ಎಂದು ಕಾಯುವುದು ಹಳೆಯ ಕಾಲದ ಮಾತು. ನಿತ್ಯದ ಕೆಲಸಕ್ಕೆ ತೊಂದರೆಯಾದರೆ ಮಾಡಿಸಬಹುದು. ಒಳಗೆ ಲೆನ್ಸ್ ಕೂರಿಸಿ ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ.

ಪಿತ್ತಕೋಶದ ಹರಳು: ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಂಡದ್ದು, ನೋವೇ ಇಲ್ಲದ್ದು, ಬಹುತೇಕ ಸುಮ್ಮನೆ ಬಿಡಬಹುದಾದದ್ದು. ಕಿಡ್ನಿಯ ಸಣ್ಣ ಹರಳು ಬಹಳಷ್ಟು ತಾನೇ ಮೂತ್ರದಲ್ಲಿ ಹೋಗುತ್ತದೆ.

ಮೂಲವ್ಯಾಧಿ: ಆರಂಭದಲ್ಲಿ ನಾರಿನ ಊಟ, ನೀರು, ಔಷಧಿಯಲ್ಲೇ ಇಳಿಯುವುದು ಹೆಚ್ಚು. ಗೋಡೆಯ ಮೇಲಿನ "ಒಂದೇ ಇಂಜೆಕ್ಷನ್, ಗ್ಯಾರಂಟಿ" ಬರಹ ನೋಡಿ ಮೈ ಒಡ್ಡಬೇಡಿರಿ.

ಚಂದದ ಆಪರೇಷನ್

ಈಗ ಇನ್ನೊಂದು ಹೊಸ ಹುಚ್ಚು. ಮೊಬೈಲು ತೆರೆದರೆ ಜಾಹೀರಾತು: ಬೋಳುತಲೆಗೆ ಕೂದಲು, ದಪ್ಪ ಹೊಟ್ಟೆಗೆ ಸಣ್ಣ ನಡು. ಲಗ್ನಕ್ಕೆ ಮೊದಲು ತಲೆತುಂಬ ಕೂದಲು ಬೇಕೆಂದು ನಮ್ಮ ಹುಡುಗರು ಹುಬ್ಬಳ್ಳಿ, ಬೆಂಗಳೂರು ಬಸ್ಸು ಹತ್ತುತ್ತಿದ್ದಾರೆ.

ಅವರವರ ರೊಕ್ಕ, ಅವರವರ ತಲೆ. ಆದರೆ ತಿಳಿದು ಹೋಗಲಿ. ಕೂದಲು ಕಸಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಹಿಂದಲೆಯ ಕೂದಲನ್ನು ಬೇರುಸಹಿತ ಕಿತ್ತು ಮುಂದೆ ನೆಡುತ್ತಾರೆ, ನಾವು ಭತ್ತದ ಸಸಿ ನಾಟಿ ಮಾಡಿದಂತೆ. ತಾಸುಗಟ್ಟಲೆ ಅರಿವಳಿಕೆ ಔಷಧಿ ಚುಚ್ಚಬೇಕಾದ ಕೆಲಸ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು ಎಂದರೆ, ಎಂಥೆಂಥವರು ಅಂಗಡಿ ತೆರೆದಿದ್ದರೋ ಊಹಿಸಿರಿ.

ಕೊಬ್ಬು ಹೀರುವ ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಒಂದೆಡೆ ಕೂಡಿದ ಕೊಬ್ಬನ್ನು ನಳಿಗೆಯಿಂದ ಎಳೆಯುವುದು. ಕೊಬ್ಬಿನ ಕಣ ರಕ್ತಕ್ಕೆ ಸೇರಿದರೆ, ಶ್ವಾಸಕೋಶಕ್ಕೆ ನೀರು ತುಂಬಿದರೆ ಜೀವಕ್ಕೇ ಸಂಚಕಾರ. 2022ರ ಮೇ 16ರಂದು ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ದವಾಖಾನೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಸೇರಿ ತೀರಿಕೊಂಡರು. ವಯಸ್ಸು 21. ಹೆತ್ತವರಿಗೆ ತಿಳಿಸಿರಲಿಲ್ಲವೆಂದು ಆಗ ವರದಿಯಾಗಿತ್ತು.

ಪ್ಲಾಸ್ಟಿಕ್ ಸರ್ಜರಿ ಬರೀ ಶೋಕಿಯಲ್ಲ ಎಂಬುದನ್ನೂ ಹೇಳಬೇಕು. ಸೀಳುತುಟಿಯ ಕೂಸಿಗೆ ಮೂರು ತಿಂಗಳ ಮೇಲೆ ತುಟಿ ಕೂಡಿಸಿದರೆ ಅದರ ಬಾಳೇ ಬೇರೆಯಾಗುತ್ತದೆ. ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಆಗುತ್ತದೆ. ಗ್ರಹಣದ ದೋಷ ಎಂದು ಕೂಸನ್ನು ಸೆರಗಿನಲ್ಲಿ ಮುಚ್ಚಿಡಬೇಡಿರಿ, ಅಂಗನವಾಡಿಯಲ್ಲಿ ತೋರಿಸಿರಿ. ಸುಟ್ಟಗಾಯದಿಂದ ಅಂಟಿಕೊಂಡ ಕೈಬೆರಳು ಬಿಡಿಸುವುದೂ ಇದೇ ಶಾಸ್ತ್ರ.

ಚಾಕು ಯಾರ ಕೈಯಲ್ಲಿದೆ ಎಂಬುದು ಎಲ್ಲಕ್ಕಿಂತ ದೊಡ್ಡದು. 2024ರ ಮೇ ತಿಂಗಳಲ್ಲಿ ಪಕ್ಕದ ಮಹಾಲಿಂಗಪುರದಲ್ಲಿ ಏನಾಯಿತು, ಮರೆತಿರೇನು? ಡಾಕ್ಟರೇ ಅಲ್ಲದವರ ಬಳಿ ಕದ್ದು ಗರ್ಭಪಾತ ಮಾಡಿಸಿಕೊಂಡ ಮಹಾರಾಷ್ಟ್ರದ ಮಹಿಳೆ ಜೀವ ಬಿಟ್ಟ ಪ್ರಕರಣ ಎರಡು ರಾಜ್ಯಗಳ ಪೊಲೀಸರನ್ನು ನಮ್ಮ ಸೀಮೆಗೆ ತಂದಿತು.

ಆ ಐದು ಮಾತು

ಕತ್ತರಿಸಿ ಗಲ್ಲೆಯ ಮೇಲೆ ಅಂಟಿಸಿಕೊಳ್ಳಿರಿ.

ಒಂದು: ನನಗಿರುವ ಕಾಯಿಲೆಯ ಹೆಸರೇನು, ನೀವು ತೆಗೆಯುವುದು ಏನನ್ನು?

ಎರಡು: ಔಷಧಿಯಿಂದ ಆಗುವುದಿಲ್ಲವೇ?

ಮೂರು: ಇವತ್ತೇ ಆಗಬೇಕೇ? ಒಂದು ತಿಂಗಳು ತಡೆದರೆ ಏನಾಗುತ್ತದೆ?

ನಾಲ್ಕು: ಕೊಯ್ಯುವವರು ಯಾರು, ಅರಿವಳಿಕೆ ಕೊಡುವವರು ಯಾರು? ಕೆಟ್ಟ ಗಳಿಗೆ ಬಂದರೆ ರಕ್ತ, ಆಮ್ಲಜನಕ ಇಲ್ಲಿದೆಯೇ?

ಐದು: ಒಟ್ಟು ಖರ್ಚು ಎಷ್ಟು, ಆಯುಷ್ಮಾನ್ ಕಾರ್ಡು ಅಥವಾ ಯಶಸ್ವಿನಿ ನಡೆಯುತ್ತದೆಯೇ, ಆಮೇಲೆ ಏನೇನು ತೊಂದರೆ ಬರಬಹುದು?

ಒಳ್ಳೆಯ ಡಾಕ್ಟರು ಇವಕ್ಕೆ ಐದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ. ಕೇಳಿದ್ದಕ್ಕೆ ಸಂತೋಷವನ್ನೂ ಪಡುತ್ತಾರೆ. "ನೀ ಡಾಕ್ಟರೋ, ನಾ ಡಾಕ್ಟರೋ?" ಎಂದು ಸಿಡುಕುವವರ ಬಳಿಯಿಂದ ಲಕೋಟೆ ಎತ್ತಿಕೊಂಡು ಬಸ್ಸು ಹತ್ತಿರಿ. ತುರ್ತು ಇಲ್ಲದಿದ್ದರೆ ಮುಧೋಳದ ಸರ್ಕಾರಿ ದವಾಖಾನೆಯಲ್ಲೋ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲೋ ಇನ್ನೊಬ್ಬರಿಗೆ ತೋರಿಸಿ ಕೇಳಿರಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಇದೆ. ತುರ್ತಲ್ಲದ ಆಪರೇಷನ್‌ಗೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ದವಾಖಾನೆಯ ಶಿಫಾರಸು ಪತ್ರ ಬೇಕಾಗುವುದರಿಂದ ಅಲ್ಲಿಗೆ ಮೊದಲು ಹೋಗುವುದೇ ಜಾಣತನ.

ಕೇಸ್ ಪೇಪರು ನಿಮ್ಮ ಹಕ್ಕು. ಕೇಳಿದ 72 ತಾಸಿನೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಖಾಸಗಿ ದವಾಖಾನೆ ತನ್ನ ನೋಂದಣಿ ಪತ್ರ, ದರಪಟ್ಟಿ ಕಾಣುವಂತೆ ತೂಗುಹಾಕಬೇಕು. ಅನ್ಯಾಯವಾದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ, ಗ್ರಾಹಕರ ಆಯೋಗವೂ ಇದೆ. ರೊಕ್ಕ ಕೊಟ್ಟು ಪಡೆದ ವೈದ್ಯಸೇವೆಗೂ ಗ್ರಾಹಕ ಕಾನೂನು ಅನ್ವಯವೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ನಾಳೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಲಕೋಟೆ ಹಿಡಿದ ತಾಯಿಯೊಬ್ಬಳು ಕಂಡರೆ, ಅವಳಿಗೆ ಓದು ಬಾರದಿದ್ದರೆ, ಈ ಐದು ಮಾತು ಓದಿ ಹೇಳಿರಿ. ಬಸ್ಸು ಬರುವುದರೊಳಗೆ ಮುಗಿಯುತ್ತದೆ. ನಮ್ಮ ಬಸ್ಸುಗಳು ಅಷ್ಟು ಬೇಗ ಬರುವುದಿಲ್ಲವೆಂಬುದು ನಿಮಗೂ ಗೊತ್ತು.